ಖಂಡೇಪೂಜೆಗೆ ಸಲ್ಲದ ಕಠಾರಿ

ಬಸವಕಲ್ಯಾಣದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಜಪಾನಿನ ನಾಲ್ಕು ಹಳೆಯ ಕಠಾರಿಗಳಿವೆ. ಅವುಗಳಲ್ಲಿ ಹಿಡಿಯ ಮೇಲೆ ತಾಮ್ರದ ಪುಟ್ಟ ಮಿಡತೆ ಕೂತಿರುವ ಕಠಾರಿಯೆಂದರೆ ನನಗೆ ಜೀವ. ತುಕ್ಕು ಹಿಡಿಯದಿರಲೆಂದು ತಿಂಗಳಿಗೊಮ್ಮೆ ಅದರ ಅಲಗಿಗೆ ಲವಂಗದ ಎಣ್ಣೆ ಸವರುತ್ತೇನೆ.

ಈ ಸಲ ದಸರೆಯ ಖಂಡೇಪೂಜೆಗೆ ಹೆಂಡತಿ ಈಳಿಗೆ, ಕೊಡಲಿ, ಹುಮನಾಬಾದ್ ಸಂತೆಯಲ್ಲಿ ಕೊಂಡ ಕುಡಗೋಲು ಎಲ್ಲವನ್ನೂ ತೊಳೆದು, ಸಾಲಾಗಿಟ್ಟು ಕುಂಕುಮ ಹಚ್ಚಿದಳು. ನನ್ನ ಮಿಡತೆಯ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಅವಳು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮುನಿಸಿನಿಂದಲೇ ಕೇಳಿದೆ: “ನನ್ನ ಕಠಾರಿಗ್ಯಾಕ ಪೂಜಾ ಮಾಡಲಿಲ್ಲ?”

“ವರ್ಷೆಲ್ಲಾ ದುಡದವಕ್ಕ ಪೂಜಾ ಮಾಡ್ತಾರ್ರಿ,” ಎಂದಳು, ತಿಕ್ಕುತ್ತಲೇ. “ಅದು ಬರೇ ಎಣ್ಣಿ ಹಚ್ಚಿಸ್ಕೊಂಡು ಕುಂತದ.”

ನಾನು ಮೊಣಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡೆ.