ರೆಫರಿಯ ಬಾಯಲ್ಲಿದ್ದ ದಾರ

ಟೇಲರ್ ಕಾಕಾ ಅವರ ಅಂಗಿಯ ಕಾಲರಿನಲ್ಲಿ ಯಾವಾಗಲೂ ಎರಡು ಸೂಜಿ ಚುಚ್ಚಿರುತ್ತಿದ್ದವು. ಒಂದಕ್ಕೆ ಬಿಳಿ ದಾರ, ಇನ್ನೊಂದಕ್ಕೆ ಕರಿ ದಾರ. ಮದುವೆಗೆ ಹೋದರೂ ಅವು ಅಲ್ಲೇ. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಆದ ಗಂಟು, ಕಿವಿಯ ಹಿಂದೆ ನೀಲಿ ಸೀಮೆಸುಣ್ಣ. ಬೈಲಹೊಂಗಲದ ಬಜಾರದಲ್ಲಿ ಒಂದೇ ಬಾಗಿಲಿನ ಅಂಗಡಿ. ನಮ್ಮೂರ ಫುಟ್ಬಾಲ್ ತಂಡದ ಹುಡುಗರ ಬೆನ್ನ ಮೇಲಿನ ನಂಬರುಗಳನ್ನೆಲ್ಲ ಹೊಲಿದವರು ಅವರೇ. ತಂಡ ಸವದತ್ತಿಗೆ ಹೋಗಲಿ, ರಾಮದುರ್ಗಕ್ಕೆ ಹೋಗಲಿ, ಅಂಗಡಿಗೆ ಬೀಗ ಜಡಿದು ಹುಡುಗರ ಜೊತೆ ಟೆಂಪೊ ಹತ್ತುತ್ತಿದ್ದರು. ಆಟದಲ್ಲಿ ಯಾರ ಅಂಗಿ ಹರಿದರೂ ಗೆರೆಯಾಚೆ ಕಾಕಾ ಸೂಜಿ ಹಿಡಿದು ಸಿದ್ಧ.

ನಾನು ಒಂದು ದಿನಪತ್ರಿಕೆಗೆ ಈ ಊರಿನಿಂದ ಸುದ್ದಿ ಕಳಿಸುವವನು. ಕಾಕಾಗೆ ಪೇಪರಿನವರನ್ನು ಕಂಡರೆ ಆಗುತ್ತಿರಲಿಲ್ಲ. "ಎದುರ ತಂಡದಾಗ ಹನ್ನೊಂದ ಮಂದಿ ಅಲ್ಲೋ ತಮ್ಮಾ, ಹನ್ನೆರಡ. ಒಬ್ಬಾಂವ ಪೇಪರಿನಾಂವ ಇರ್ತಾನ," ಅನ್ನುತ್ತಿದ್ದರು. ಅಂಗಡಿಯ ಬೆಂಚಿನ ಮೇಲೆ ಕೂರುವ ಅಭಿಮಾನಿಗಳದ್ದೂ ಅದೇ ರಾಗ: ಬೆಳಗಾವಿಯ ತಂಡದವರು ಕೆಮ್ಮಿದರೂ ಫೋಟೊ, ನಾವು ಕಪ್ ಗೆದ್ದರೂ ಎರಡು ಸಾಲು. ಕಾಕಾ ದಿನಾ ನಮ್ಮ ಪೇಪರಿನ ಆಟದ ಪುಟ ಓದಿ, ತಪ್ಪು ಕಂಡಲ್ಲೆಲ್ಲ ನೀಲಿ ಸೀಮೆಸುಣ್ಣದಿಂದ ಸುತ್ತು ಹಾಕುತ್ತಿದ್ದರು. ಆಮೇಲೆ ಅದೇ ಪುಟವನ್ನು ಬಟ್ಟೆಯ ಅಳತೆಗೆ ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯುತ್ತಿದ್ದರು. "ನಿಮ್ಮ ಪೇಪರ್ ಓದಾಕ ಲಾಯಕ್ ಇಲ್ಲ ಖರೆ, ತೋಳಿನ ಅಳತಿಗೆ ಭಾಳ ಛಲೋ ಐತಿ ನೋಡ," ಎಂದು ನನ್ನೆದುರಿಗೇ ಕತ್ತರಿ ಆಡಿಸುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಲೂ ಇತ್ತು.

ಒಮ್ಮೆ ಮೈದಾನದಲ್ಲಿ ನನ್ನ ಅಂಗಿಯ ಗುಂಡಿ ಕಿತ್ತುಬಂತು. ಕಾಕಾ ಎಳೆದು ನಿಲ್ಲಿಸಿಕೊಂಡು, ಮೊದಲು ಒಂದು ತುಂಡು ಬಿಳಿ ದಾರ ನನ್ನ ಬಾಯಿಗಿಟ್ಟರು. "ಕಚ್ಚಿ ಹಿಡಿ. ಮೈಮ್ಯಾಲ ಇಟ್ಟು ಹೊಲಿಯೂದು ಹೆಣಕ್ಕಷ್ಟ. ಬಾಯಾಗ ದಾರ ಇದ್ರ ಜೀವಂತ ಅದಾನ ಅಂತ ಅರ್ಥ." ಎಡಗೈಯಿಂದ ಕಾಲರ್ ಬಿಗಿಹಿಡಿದು, ಮುಖವನ್ನು ನನ್ನ ಕೊರಳ ಹತ್ತಿರ ತಂದು, ಹುಬ್ಬು ಗಂಟಿಕ್ಕಿ ಹೊಲಿದರು. ದೂರದಿಂದ ನೋಡಿದವರಿಗೆ ಜಗಳವೆಂದೇ ಅನಿಸಬೇಕು, ಹಾಗಿತ್ತು ಅವರ ಭಂಗಿ. ಇದೆಲ್ಲ ನನಗೆ ಗೊತ್ತಿತ್ತು. ನನಗೇ ಗೊತ್ತಿತ್ತು.

ಸವದತ್ತಿಯಲ್ಲಿ ಪಂದ್ಯವಿದ್ದ ದಿನ ನಾನು ಕಿತ್ತೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶದ ಊಟದಲ್ಲಿದ್ದೆ. ಪೇಪರಿನ ಆಫೀಸಿಗೆ ಮಾತ್ರ ಮೈದಾನದಲ್ಲೇ ಇದ್ದೇನೆ ಎಂದಿದ್ದೆ. ಸಂಜೆ ಸಂಘಟಕರೊಬ್ಬರು ಫೋನ್ ಮಾಡಿ, ಗೋಲಿನ ವಿಷಯಕ್ಕೆ ಗಲಾಟೆಯಾಯಿತೆಂದು ಹೇಳಿ, ಒಂದು ಫೋಟೊ ಕಳಿಸಿದರು. ಕಾಕಾ ರೆಫರಿಯ ಕಾಲರ್ ಹಿಡಿದಿದ್ದಾರೆ, ಹುಬ್ಬು ಗಂಟಿಕ್ಕಿದೆ. ಕಾಕಾಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಪುಟ ಮುಗಿಸುವ ಹೊತ್ತಾಗಿತ್ತು ಎಂಬುದು ನೆಪ. ದಿನಾ ನಮ್ಮನ್ನು ಆಡಿಕೊಳ್ಳುವ ಮನುಷ್ಯ ಕೊನೆಗೂ ಸಿಕ್ಕಿಬಿದ್ದ ಎಂಬ ಕೆಟ್ಟ ಖುಷಿ ಇತ್ತು, ಸುಳ್ಳೇಕೆ ಹೇಳಲಿ? 'ರೆಫರಿ ಮೇಲೆ ಬೈಲಹೊಂಗಲ ಅಭಿಮಾನಿಯ ಹಲ್ಲೆ' ಎಂದು ಬರೆದು ಕಳಿಸಿ, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡೆ.

ಮರುದಿನ ಕಾಕಾ ಮನೆಗೇ ಬಂದರು. ಬೈಯಲಿಲ್ಲ. "ಆ ಫೋಟೊ ಫೋನಿನಾಗ ದೊಡ್ಡದ ಮಾಡು," ಅಂದರು. ಮಾಡಿದೆ. ರೆಫರಿಯ ಹಲ್ಲುಗಳ ನಡುವೆ ಒಂದೆಳೆ ಬಿಳಿ ದಾರವಿತ್ತು.

"ಹುಡುಗರು ಸುತ್ತ ಮುಕರಿ ಜಗ್ಯಾಡಿದಾಗ ನಡುವ ಸಿಕ್ಕು ರೆಫರಿ ಕಾಲರ್ ಕಿತ್ತಿತ್ತೋ. ಹರಕ ಅಂಗಿ ಹಾಕ್ಕೊಂಡು ಹೆಂಗ ಸೀಟಿ ಹೊಡೀತಾರ ಅಂತ ನಾನs ಹೋಗಿ ಹೊಲಿದೆ. ನಾ ಹೊಲಿದ ಮ್ಯಾಲೇ ಆಟ ಮುಂದುವರದದ್ದು. ನೀ ಇದ್ದಿದ್ರ ನೋಡ್ತಿದ್ದಿ."

ಪೇಪರಿನಲ್ಲಿ ಬಂದದ್ದೇ ಸಾಕ್ಷಿಯಾಗಿ, ಆ ಮನುಷ್ಯ ಮೈದಾನಕ್ಕೆ ಬಂದರೆ ತಂಡವನ್ನೇ ಆಡಿಸುವುದಿಲ್ಲ ಎಂದು ಸಂಘಟಕರು ರೆಫರಿಯನ್ನೂ ಕೇಳದೆ ಹೇಳಿಬಿಟ್ಟಿದ್ದರು. ನಮ್ಮ ತಂಡದ ಹಿರಿಯರೂ ಹೆದರಿ, "ಸದ್ಯಕ್ಕ ಬರಬ್ಯಾಡ್ರಿ ಕಾಕಾ," ಅಂದಿದ್ದರು.

"ನಾಲ್ಕ ಸಾಲು ಹಾಕು ತಮ್ಮಾ, ಸಾಕು. ಮತ್ತ ಟೆಂಪೊ ಹತ್ತಿಸಿಕೋತಾರ."

"ಇವತ್ತs ಕಳಸ್ತೇನ್ರಿ ಕಾಕಾ. ನಾಳಿ ಬರತೈತಿ," ಅಂದೆ.

ಕಳಿಸಲಿಲ್ಲ. ತಿದ್ದುಪಡಿ ಕಳಿಸಿದರೆ ನಾನು ಮೈದಾನದಲ್ಲಿರಲಿಲ್ಲ ಎಂಬುದು ಹೊರಬೀಳುತ್ತಿತ್ತು. ಕೆಲಸ ಹೋದೀತೆಂಬ ಭಯ. ಕೇಳಿದಾಗಲೆಲ್ಲ "ನಾಳಿ" ಅಂದೆ. ಆಮೇಲೆ "ನಾ ಕಳಿಸೇನ್ರಿ, ಮ್ಯಾಲಿನವರು ಹಾಕವಲ್ಲರು," ಎಂದು ಇನ್ನೊಂದು ಸುಳ್ಳು ಹೇಳಿದೆ. ಬೆಂಚಿನ ಮೇಲಿದ್ದವನೊಬ್ಬ, "ಪೇಪರಿನಾವ್ರನ್ನ ನಂಬತೀರೇನ್ರಿ ಕಾಕಾ? ನಿಮಗೇನ ಹುಚ್ಚ?" ಎಂದು ನಕ್ಕ. ಕಾಕಾ ಮಷೀನಿನಿಂದ ಮುಖ ಎತ್ತದೆ, "ಪೇಪರ್ ನಂಬೂದಿಲ್ಲೋ. ಈ ಹುಡುಗನ್ನ ನಂಬತೇನಿ," ಅಂದರು. ಅಂದಿನಿಂದ ನಾನು ಆ ಬಜಾರದ ದಾರಿಯನ್ನೇ ಬಿಟ್ಟೆ, ಸುತ್ತು ಹಾಕಿ ಮನೆಗೆ ಹೋಗತೊಡಗಿದೆ. ತಂಡದ ಟೆಂಪೊ ಹೊರಟಾಗ ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಾರೆ, ವಾಪಸ್ ಬಂದ ಹುಡುಗರು ಹರಿದ ಅಂಗಿಗಳನ್ನು ತಂದು ಕೊಡುತ್ತಾರೆ ಎಂದು ಬೇರೆಯವರಿಂದ ಕೇಳಿದೆ.

ಅವರು ಹೋದ ಸುದ್ದಿಯೂ ಬೇರೆಯವರಿಂದಲೇ ಸಿಕ್ಕಿತು. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಮಣ್ಣು ಕೊಡಲು ಹೋಗುವ ಧೈರ್ಯ ನನಗಾಗಲಿಲ್ಲ. ಹದಿನೈದು ದಿನ ಬಿಟ್ಟು ಅಂಗಡಿಗೆ ಹೋದೆ. ಅವರ ಮಗಳು ಮಷೀನಿನ ಮುಂದೆ ಕೂತಿದ್ದಳು. ಕಾಲರಿಗೆ ಚುಚ್ಚುತ್ತಿದ್ದ ಸೂಜಿಗಳು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿದ್ದವು. ಮೂಲೆಯಲ್ಲಿ ಮೊಣಕಾಲೆತ್ತರದ ಪೇಪರಿನ ಕಟ್ಟು. ಎಲ್ಲವೂ ನಮ್ಮದೇ ಪೇಪರು, ಒಂದಕ್ಕೂ ಕತ್ತರಿ ತಾಗಿರಲಿಲ್ಲ.

"ಅಪ್ಪ ಇವನ್ನ ಮುಟ್ಟಾಕ ಬಿಟ್ಟಿರಲಿಲ್ರಿ ಅಣ್ಣಾ," ಅಂದಳು. "ನೀವು ಬರಿತೇನಿ ಅಂದಾಗಿಂದ ಒಂದೊಂದ ಸಾಲು ಓದಿ ಎತ್ತಿ ಇಡ್ತಿದ್ರು. ಒಂದಿನ ನಾ ಗೊತ್ತಿಲ್ಲದ ಒಂದು ಪುಟ ತೋಳಿಗೆ ಕತ್ತರಿಸಿದ್ದೆ. ಎಂದೂ ಬೈಲಾರದವರು ಅವತ್ತ ಬೈದ್ರು. ಅದರಾಗs ಬಂದಿದ್ರ ಏನ್ ಮಾಡ್ತಿದ್ದಿ ಅಂದ್ರು." ಕತ್ತರಿ ಕೈಗೆತ್ತಿಕೊಂಡು ಕೇಳಿದಳು: "ಇನ್ನ ಕತ್ತರಿಸಲೇನ್ರಿ ಅಣ್ಣಾ?"

"ನಾಳಿತನಕ ತಡಿಯವ್ವಾ," ಅಂದುಬಿಟ್ಟೆ. ಬಾಯಿಂದ ಹೊರಟ ಮೇಲೆ ಗೊತ್ತಾಯಿತು, ಮತ್ತದೇ ನಾಳೆ.

ಅಂದೇ ಸಂಜೆ ಎಲ್ಲವನ್ನೂ ಒಪ್ಪಿಕೊಂಡು ಪೇಪರಿಗೆ ಬರೆದೆ. ಇಷ್ಟು ಹಳೆಯ ಸುದ್ದಿಗೆ ಈಗ ತಿದ್ದುಪಡಿ ಹಾಕುವುದಿಲ್ಲ ಎಂದರು. ಈ ಸಲ ಅದು ಸುಳ್ಳಲ್ಲ, ಆದರೆ ಯಾರು ನಂಬುತ್ತಾರೆ? ಅದಕ್ಕೇ ಕಾಕಾ ಕೇಳಿದ ನಾಲ್ಕು ಸಾಲುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಸವದತ್ತಿಯ ಪಂದ್ಯದಲ್ಲಿ ರೆಫರಿಯ ಮೇಲೆ ಯಾರೂ ಹಲ್ಲೆ ಮಾಡಲಿಲ್ಲ. ಬೈಲಹೊಂಗಲದ ಟೇಲರ್ ಒಬ್ಬರು ಅವರ ಹರಿದ ಕಾಲರ್ ಹೊಲಿದುಕೊಟ್ಟರು. ಅದರಿಂದಲೇ ಆಟ ಮುಂದುವರಿಯಿತು. ವರದಿ ಬರೆದವನು ಅಂದು ಮೈದಾನದಲ್ಲಿರಲಿಲ್ಲ.