ಓನ್ ಖೈನ್ ಒದೆಯದ ಪೆನಾಲ್ಟಿ

ರಂಗೂನಿನ ಪಜುಂಡಾಂಗ್ ಮೀನು ಸಂತೆಯಲ್ಲಿ ಓನ್ ಖೈನ್ ಚೌಕಾಸಿ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬೆಲೆ ಜಾಸ್ತಿಯಾಯಿತು ಅಂದರೆ ಸಾಕು, ಮೀನಿನವಳು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದಳು. "ಯಾಕಜ್ಜ, ಪೆನಾಲ್ಟಿ ಮಾರ್ಕೊಂಡ ದುಡ್ಡೆಲ್ಲ ಮುಗಿದೋಯ್ತಾ?"

ಸುತ್ತ ನಿಂತವರು ನಗುತ್ತಿದ್ದರು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲಾಮೇಲೆ ಹೇಳಿದಷ್ಟು ಕೊಟ್ಟು, ಮೀನನ್ನು ಚೀಲಕ್ಕೆ ಹಾಕಿಕೊಂಡು ತೆಪ್ಪಗೆ ಮನೆಗೆ ಬರುವುದು ರೂಢಿಯಾಯಿತು.

ಪೆನಾಲ್ಟಿ ಮಾರಿಕೊಂಡದ್ದು ಸುಳ್ಳೇನಲ್ಲ. ಆದರೆ ಸಿನಿಮಾದಲ್ಲಿ. ಇಷ್ಟು ಚಿಕ್ಕ ವ್ಯತ್ಯಾಸ ಒಂದು ಇಡೀ ಊರಿನ ತಲೆಗೆ ಹೋಗಲಿಲ್ಲವಲ್ಲ, ಇದಕ್ಕೆ ಏನು ಹೇಳೋಣ?

ನಿಜವಾದ ಪಂದ್ಯ ನಡೆದಾಗ ಅವನು ಪಜುಂಡಾಂಗ್ ತೊರೆಯ ದಡದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಹುಡುಗ. ಎಲ್ಲರ ಬಾಯಲ್ಲೂ ಅವನು ಕೋ ಓನ್; ಹರೆಯದವರ ಹೆಸರಿಗೆ ಕೋ, ಹಿರಿಯರ ಹೆಸರಿಗೆ ಉ ಸೇರಿಸಿ ಕರೆಯುವುದು ಅಲ್ಲಿನ ರೂಢಿ. ಗಿರಣಿಯವರದೇ ಒಂದು ಫುಟ್‌ಬಾಲ್ ತಂಡವಿತ್ತು. ಆ ವರ್ಷ ಅದು ರಂಗೂನಿನ ದೊಡ್ಡ ದೊಡ್ಡ ತಂಡಗಳನ್ನೆಲ್ಲ ಬಡಿದು ಫೈನಲ್ಲಿಗೆ ಬಂದಿತ್ತು. ಅಲ್ಲಿ ಗಿರಣಿ ತಂಡದ ಎರಡು ಗೋಲೂ ಓನ್ ಖೈನ್‌ನವೇ. ಎದುರಾಳಿಗಳು ಮೂರು ಹೊಡೆದಿದ್ದರು. ಆಟ ಮುಗಿಯುವ ಹೊತ್ತಿಗೆ ಒಂದು ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಅವನೇ ಇಡಲು ಹೊರಟಿದ್ದ. ನಾಯಕ ಪೋ ತೋನ್ ತೋಳು ಹಿಡಿದು ಪಕ್ಕಕ್ಕೆ ಸರಿಸಿದ.

"ನಿಂದು ಎರಡಾಯ್ತಲ್ಲೋ. ನನಗೂ ಒಂದು ಬಿಡು."

ಬಿಟ್ಟ. ಪೋ ತೋನ್ ಒದ್ದ ಚೆಂಡು ಗೋಲುಕಂಬದ ಮೇಲಿಂದ ಹಾರಿ ಜನರ ನಡುವೆ ಹೋಗಿ ಬಿತ್ತು. ಆ ಸಂಜೆ ಪೋ ತೋನ್ ಗಿರಣಿಯ ಹಿಂದೆ ಕೂತು ಎಳೇ ಮಗುವಿನ ಹಾಗೆ ಅತ್ತಾಗ, ಅವನ ಬೆನ್ನು ಸವರುತ್ತಾ ಕೂತವನೂ ಓನ್ ಖೈನೇ.

ಕೆಲವು ವರ್ಷಗಳ ಮೇಲೆ ಓನ್ ಖೈನ್‌ನ ಮೊಣಕಾಲು ಕೆಟ್ಟಿತು. ಆಟ ಮುಗಿಯಿತು. ಆದರೆ ಆಳು ನೋಡಲು ಚೆನ್ನಾಗಿದ್ದ. ಆ ಫೈನಲ್ ನೋಡಿದ್ದ ಒಬ್ಬ ನಿರ್ದೇಶಕ ಅದನ್ನೇ ಕತೆ ಮಾಡಿಕೊಂಡು ಮನೆಗೆ ಬಂದ. ಕತೆಯ ಆಟಗಾರ ಲಂಚ ತಿಂದು ಪೆನಾಲ್ಟಿಯನ್ನು ಬೇಕೆಂದೇ ಆಕಾಶಕ್ಕೆ ಒದೆಯುತ್ತಾನೆ. ಆ ಪಾತ್ರ ನಿನಗೆ ಅಂದ. ಓನ್ ಖೈನ್ ಒಪ್ಪುವ ಮೊದಲು ಪೋ ತೋನ್‌ನ ಮನೆಗೆ ಹೋಗಿ ಕೇಳಿದ. ಅವನ ದೊಡ್ಡತನ ಎಂಥದ್ದು ನೋಡಿ, ಗೆಳೆಯನ ಗಾಯ ಕೆದಕಿದ ಹಾಗಾಗುತ್ತೇನೋ ಅಂತ ಸಂಕೋಚ ಪಟ್ಟುಕೊಂಡ.

"ಮಾಡೋ, ಮಾಡು," ಎಂದ ಪೋ ತೋನ್. "ನನ್ನ ಮುಖ ಇರಲ್ಲವಲ್ಲ, ಅಷ್ಟು ಸಾಕು."

ಚಿತ್ರೀಕರಣದ ದಿನ ನಡೆದದ್ದನ್ನು ಅವನು ಆಮೇಲೆ ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಚೆಂಡನ್ನು ಮೇಲಕ್ಕೆ ಒದೆಯಬೇಕು, ಅಷ್ಟೇ. ಒದ್ದರೆ ಗೋಲು. ಮತ್ತೆ ಒದ್ದರೆ ಮತ್ತೆ ಗೋಲು. ಕಾಲಿಗೆ ಬೇರೆ ಏನೂ ಗೊತ್ತಿರಲಿಲ್ಲ. ರೀಲು ಸುಮ್ಮನೆ ಓಡುತ್ತಿತ್ತು. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

"ಮಾರಾಯ, ಒಂದ್ಸಲ ಆದ್ರೂ ತಪ್ಪು ಮಾಡೋ. ನಿನ್ನ ಕಾಲಿಗೆ ಬೀಳ್ತೀನಿ."

ಕೊನೆಗೆ ಓನ್ ಖೈನ್ ಕಣ್ಣು ಮುಚ್ಚಿಕೊಂಡು, ಪೋ ತೋನ್ ಅವತ್ತು ಹೇಗೆ ಓಡಿ ಬಂದಿದ್ದ ಎಂದು ನೆನಪು ಮಾಡಿಕೊಂಡು, ಹಾಗೆಯೇ ಓಡಿ ಬಂದು ಒದ್ದ. ಚೆಂಡು ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಿನಿಮಾ ಭರ್ಜರಿಯಾಗಿ ಓಡಿತು. ಮುಂದೆ ಅವನಿಗೆ ಸಿಕ್ಕಿದ್ದೆಲ್ಲ ಮೋಸಗಾರನ ಪಾತ್ರಗಳೇ. ಅಣ್ಣನ ಹೊಲ ನುಂಗುವವನು, ಗೆಳೆಯನ ಹೆಂಡತಿಯ ಮೇಲೆ ಕಣ್ಣು ಹಾಕುವವನು. ಹೊಟ್ಟೆಗೆ ಮೋಸವಾಗಲಿಲ್ಲ, ನಿಜ. ಆದರೆ ಆ ಫೈನಲ್ ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಟೀವಿಯಲ್ಲಿ ಮಾತ್ರ ಸಿನಿಮಾ ವರ್ಷ ವರ್ಷ ಬರುತ್ತಲೇ ಇತ್ತು. ಅದರಲ್ಲಿ ಅವನೇ, ಅವನ ಮುಖವೇ, ಆ ಚೆಂಡೇ. ಅದು ನಾನಲ್ಲ ಅಂದರೆ ಚಹಾ ಅಂಗಡಿಯ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡು, "ಪಾಪ, ಅಜ್ಜನಿಗೆ ಇನ್ನೂ ನಾಚಿಕೆ," ಎನ್ನುತ್ತಿದ್ದರು. ಹೇಳಿದಷ್ಟೂ ಕೆಸರು ಅಂಟುತ್ತಿತ್ತು.

ಬೌದ್ಧ ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿದ ಹುಣ್ಣಿಮೆಯ ಹೊತ್ತಿಗೆ ಕಿರಿಯರು ಹಿರಿಯರ ಮುಂದೆ ಮೊಣಕಾಲೂರಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳುವ ಪದ್ಧತಿ ಉಂಟಲ್ಲ, ಅದನ್ನು ಫುಟ್‌ಬಾಲ್ ಸಂಘದವರೂ ನಡೆಸುತ್ತಿದ್ದರು. ಮುದಿ ಆಟಗಾರರನ್ನು ವೇದಿಕೆಯ ಮೇಲೆ ಕೂರಿಸಿ, ಹುಡುಗರಿಂದ ನಮಸ್ಕಾರ ಮಾಡಿಸಿ, ಕಂಬಳಿ ಕೊಟ್ಟು ಕಳಿಸುತ್ತಿದ್ದರು. ತರಬೇತುದಾರನಾಗಿ ಹೆಸರು ಮಾಡಿದ್ದ ಪೋ ತೋನ್‌ಗೆ ಪ್ರತಿ ವರ್ಷ ಅಲ್ಲಿ ಕುರ್ಚಿ ಇತ್ತು. ಓನ್ ಖೈನ್‌ನನ್ನು ಸಿನಿಮಾದವರು ಕರೆಯುತ್ತಿದ್ದರು, ಆಟದವರು ಕರೆಯುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಂಬಳಿಯಲ್ಲ. ಸಾಯುವ ಮೊದಲು ಒಮ್ಮೆ ಆಟಗಾರನಾಗಿ, ಎರಡು ಗೋಲು ಹೊಡೆದವನಾಗಿ ಅಲ್ಲಿ ಕೂರಬೇಕಿತ್ತು.

ಆ ವರ್ಷ ಕರೆ ಬಂತು. ಅವನು ಅವತ್ತೇ ಪೋ ತೋನ್‌ನನ್ನು ಚಹಾ ಅಂಗಡಿಗೆ ಕರೆದುಕೊಂಡು ಹೋದ.

"ಪಂದ್ಯ ಆಡಿದವರಲ್ಲಿ ಉಳಿದಿರೋದು ನಾವಿಬ್ಬರೇ ಕಣೋ. ನಾನು ಹೇಳಿದ್ರೆ ನಗ್ತಾರೆ. ನೀನು ಒಂದು ಮಾತು ಹೇಳಿಬಿಡು."

"ಹೇಳ್ತೀನಿ ಬಿಡಪ್ಪ."

"ಹತ್ತು ವರ್ಷದಿಂದ ಬಿಡಪ್ಪ ಬಿಡಪ್ಪ ಅಂತಾನೇ ಇದ್ದೀಯ."

"ಈ ಸಲ ಮೈಕಲ್ಲೇ ಹೇಳ್ತೀನಿ, ಆಯ್ತಾ? ಈ ವಯಸ್ಸಲ್ಲಿ ನನ್ನ ಗಂಟೇನು ಹೋಗುತ್ತೆ?"

ಹೆಂಡತಿ ಟಿನ್ ಶ್ವೆ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ ಗೊಣಗಿದಳು. "ಆ ಮನುಷ್ಯನ ನಂಬ್ಕೊಂಡು ಹೋಗ್ತಾ ಇದ್ದೀರಲ್ಲ. ಅವನಿಗೆ ಹೇಳೋ ಮನಸ್ಸಿದ್ದಿದ್ರೆ ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದ?"

"ಮಾತು ಕೊಟ್ಟಿದ್ದಾನೆ ಕಣೆ," ಎಂದ ಅವನು.

ವೇದಿಕೆಯಲ್ಲಿ ಇಬ್ಬರ ಕುರ್ಚಿಗಳೂ ಅಕ್ಕಪಕ್ಕ. ಕಾರ್ಯದರ್ಶಿ ಇನ್ನೂ ಮೂವತ್ತು ದಾಟದವನು, ಮಾತಿನ ಮಲ್ಲ. ಒಬ್ಬೊಬ್ಬರ ಸಾಧನೆ ಹೇಳುತ್ತಾ ಬಂದು ಓನ್ ಖೈನ್‌ನ ಮುಂದೆ ನಿಂತು ಧ್ವನಿ ತಗ್ಗಿಸಿದ.

"ಉ ಓನ್ ಖೈನ್ ಅವರ ಆ ಪೆನಾಲ್ಟಿ ನಮಗೆಲ್ಲ ಗೊತ್ತು. ಆಟದಲ್ಲಿ ಸೋಲು ಗೆಲುವು ಇದ್ದದ್ದೇ. ನಾವು ಚಿಕ್ಕವರು, ಆದರೂ ದೊಡ್ಡ ಮನಸ್ಸು ಮಾಡಿ ಅವರನ್ನ ಯಾವತ್ತೋ ಕ್ಷಮಿಸಿದ್ದೀವಿ."

ಸಭೆಯೆಲ್ಲ ಚಪ್ಪಾಳೆ. ಕ್ಷಮೆ ಕೇಳಲು ಬಂದ ಮೊಮ್ಮಕ್ಕಳ ವಯಸ್ಸಿನವರು ಅಜ್ಜನಿಗೇ ಕ್ಷಮೆ ದಾನ ಮಾಡಿದ್ದರು! ಓನ್ ಖೈನ್‌ನ ಕಿವಿ ಕಾದುಹೋಯಿತು. ಆದರೂ ಅವನು ತಾಳಿಕೊಂಡ, ಯಾಕೆಂದರೆ ಮೈಕು ಈಗ ಪೋ ತೋನ್‌ನ ಕೈಗೆ ಬಂದಿತ್ತು.

ಪೋ ತೋನ್ ಎದ್ದು ನಿಂತ. ಎದುರಿಗೆ ಅವನು ತಿದ್ದಿ ಬೆಳೆಸಿದ ಹುಡುಗರೆಲ್ಲ ಕೂತಿದ್ದರು. ಗಂಟಲು ಸರಿಮಾಡಿಕೊಂಡ.

"ಕೋ ಓನ್ ನನಗೆ ಒಡಹುಟ್ಟಿದ ತಮ್ಮನ ಹಾಗೆ," ಎಂದ. "ಆ ಪಂದ್ಯದ ವಿಚಾರಕ್ಕೆ ನನಗೆ ಅವನ ಮೇಲೆ ಯಾವತ್ತೂ ಸಿಟ್ಟು ಬಂದಿಲ್ಲ."

ಅಷ್ಟು ಹೇಳಿ ಕೂತುಬಿಟ್ಟ. ಇನ್ನೂ ಜೋರು ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಒಬ್ಬಾಕೆ ಕಣ್ಣು ಒರೆಸಿಕೊಂಡಳು.

ಆಮೇಲೆ ಆಟಗಾರರೆಲ್ಲ ಸಾಲಾಗಿ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿದರು. ಹಿರಿಯರು ಕ್ಷಮಿಸಿದೆ ಅನ್ನುವವರೆಗೆ ಯಾರೂ ತಲೆ ಎತ್ತುವಂತಿಲ್ಲ. ಆ ಮಾತು ಹೇಳುವ ಮರ್ಯಾದೆಯನ್ನು ಈ ಸಲ ಹೊಸದಾಗಿ ಬಂದ ಓನ್ ಖೈನ್‌ಗೇ ಕೊಟ್ಟಿದ್ದರು. ಅವನು ಆ ತಲೆಗಳನ್ನೇ ನೋಡುತ್ತಾ ಕೂತ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಹೇಳೋ, ಕಾಯ್ತಾ ಇದ್ದಾರೆ," ಎಂದು ಪೋ ತೋನ್ ಪಿಸುಗುಟ್ಟಿದ.

"ಮಕ್ಕಳೇ," ಎಂದ ಓನ್ ಖೈನ್. "ನೀವು ತಿಳಿದು ಮಾಡಿದ್ದು, ತಿಳೀದೆ ಮಾಡಿದ್ದು, ಎಲ್ಲಾನೂ ಕ್ಷಮಿಸಿದೆ. ಒಳ್ಳೇದಾಗ್ಲಿ."

ತಲೆಗಳು ಎದ್ದವು. ಅವನು ಮೈಕಿನ ಮೇಲೆ ಅಂಗೈ ಮುಚ್ಚಿ ಪಕ್ಕಕ್ಕೆ ತಿರುಗದೆಯೇ ಹೇಳಿದ.

"ನಿಂದು ಇಲ್ಲ."

ಪೋ ತೋನ್ ಮಡಿಲಲ್ಲಿದ್ದ ಕಂಬಳಿಯ ಕಟ್ಟನ್ನು ಸರಿಮಾಡಿಕೊಂಡ. "ಜನ ನೋಡ್ತಾ ಇದ್ದಾರೆ ಕಣೋ," ಎಂದ ಮೆಲ್ಲಗೆ.

ಅಷ್ಟರಲ್ಲಿ ಫೋಟೋದವನು ಮುಂದೆ ಬಂದು ಮಂಡಿಯೂರಿದ. "ಅಜ್ಜಂದಿರಾ, ಇಬ್ಬರೂ ಹೆಗಲ ಮೇಲೆ ಕೈ ಹಾಕ್ಕೊಳ್ಳಿ. ಹಾಂ, ಹಾಗೆ. ಸ್ವಲ್ಪ ನಗಿ."

ಓನ್ ಖೈನ್ ನಕ್ಕ. ಅಷ್ಟು ವರ್ಷ ಸಿನಿಮಾದಲ್ಲಿ ದುಡಿದವನಿಗೆ ಅಷ್ಟು ಬರುತ್ತಿತ್ತು.