ಲಿಫ್ಟಿನಲ್ಲಿ ಬಂದ ರಾಕ್ಷಸ

ಲಿಫ್ಟಿನ ಬಾಗಿಲು ಎರಡೂ ಕಡೆಗೆ ಸರಿದು ತೆರೆದುಕೊಳ್ಳುವಾಗ ನನ್ನ ಕೈ ತಾನಾಗಿ ಮೇಲೇಳುತ್ತದೆ. ಮೊನ್ನೆ ಅತ್ತಾವರದ ಆಸ್ಪತ್ರೆಯೊಂದರಲ್ಲಿ ಹಾಗೇ ಆಯಿತು. ಗಾಲಿಕುರ್ಚಿ ಹಿಡಿದಿದ್ದ ನರ್ಸ್ ನನಗೇನೋ ನರದ ಕಾಯಿಲೆಯೆಂಬಂತೆ ನೋಡಿದಳು. ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಅರ್ಥವಾಗಿತ್ತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ, ನಿಮಗೇನು ಅವಸರವಿಲ್ಲವಲ್ಲ.

ನಾನೂ ಒಬ್ಬ ಕಲಾವಿದ. ಬೋಳಾರದ ನಮ್ಮ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ಎಷ್ಟೋ ವರ್ಷ ತೆರೆ ಹಿಡಿದವನು. ರಾಕ್ಷಸನ ಪ್ರವೇಶದ ಹೊತ್ತಿಗೆ ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರಲ್ಲ, ಅದರಲ್ಲಿ ಎಡಗಡೆಯವನು. ಬಲಗಡೆಗೆ ನನ್ನ ಭಾವ. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರು ಊಟದ ವ್ಯವಸ್ಥೆಯವರ ಕೆಳಗೆ ಇರುತ್ತಿತ್ತು. ಜಾಗ ಸಾಲದಿದ್ದರೆ ನಾವು ‘ಮತ್ತು ಇತರರು’ ಆಗುತ್ತಿದ್ದೆವು.

ತೆರೆಯ ಹಿಂದಿನ ರಾಕ್ಷಸ ಯಾವಾಗಲೂ ವಾಸುದೇವ ಮಾಸ್ಟ್ರು. ಹಗಲು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಆ ಪಾತ್ರಕ್ಕೆ ಅವರು ಬಣ್ಣ ಹಚ್ಚುವ ಅಗತ್ಯವೇ ಇಲ್ಲವೆಂದು ಅವರ ಶಿಷ್ಯರ ಅಭಿಪ್ರಾಯ. ಗಂಟೆಗಟ್ಟಲೆ ಕೂತು ಮುಖ ಬರೆದುಕೊಂಡು, ನಾವು ಇಳಿಸಿ ಏರಿಸುವ ತೆರೆಯ ಮೇಲಿಂದ ಮೊದಲು ಬೆರಳು, ಮತ್ತೆ ಕಿರೀಟದ ತುದಿ, ಮತ್ತೆ ಒಂದು ಕಣ್ಣು ಹೀಗೆ ಕಂತು ಕಂತಾಗಿ ತೋರಿಸಿ, ಜನರನ್ನು ಚೆನ್ನಾಗಿ ಕಾಯಿಸಿ ಹೊರಗೆ ಬರುವುದರಲ್ಲೇ ಅವರ ಜೀವವಿತ್ತು. ಐದಾರು ವರ್ಷದ ಹಿಂದೆ ಡಾಕ್ಟರು ಅವರ ಮೊಣಗಂಟು ನೋಡಿ, ಈ ವರ್ಷ ಒಂದು ಆಟ ಮುಗಿಸಿ ಗೆಜ್ಜೆ ಬಿಚ್ಚಿಡಿ ಎಂದರು. ಹಾಗಾಗಿ ಆ ಸಲದ ಪ್ರವೇಶವೇ ಕೊನೆಯದೆಂದು ನಮಗೆಲ್ಲ ಗೊತ್ತಿತ್ತು.

ಅದೇ ವರ್ಷ ಸಂಘಕ್ಕೆ ಸುಜಿತನ ಪ್ರವೇಶವಾಯಿತು, ತೆರೆಯಿಲ್ಲದೆ. ಎಲ್ಲೋ ನಾಟಕ ಕಲಿತು ಬಂದವನು. ‘ಕಾನ್ಸೆಪ್ಟ್’ ಎಂಬ ಶಬ್ದವನ್ನು ಉಪ್ಪಿನಕಾಯಿಯ ಹಾಗೆ ಎಲ್ಲದರ ಬದಿಗೂ ಬಡಿಸುತ್ತಿದ್ದ. ರಾಜಕುಮಾರಿಯನ್ನು ರಾಕ್ಷಸ ಹೊತ್ತೊಯ್ಯುವ ನಮ್ಮ ಹಳೆಯ ಪ್ರಸಂಗವನ್ನು ಅವನು ಈಗಿನ ಮಂಗಳೂರಿಗೆ ಎಳೆದು ತಂದ. ಕಾಡು ಹೋಗಿ ವಾಮಂಜೂರಿನ ಲೇಔಟ್ ಆಯಿತು. ರಾಕ್ಷಸ ಬಿಲ್ಡರ್ ಆದ. ಕಮಿಟಿಯಲ್ಲಿದ್ದ ಇಬ್ಬರು ಬಿಲ್ಡರುಗಳು ಮುಖ ಗಂಟಿಕ್ಕಿದರು; ಈ ರಾಕ್ಷಸ ಪರವೂರಿನವನೆಂದು ಸೇರಿಸಿದ ಮೇಲೆ ಅವರಿಗೂ ಕಲೆಯ ಮಹತ್ವ ಅರ್ಥವಾಯಿತು. ಪದ್ಯ ಮುಟ್ಟಲು ಮಾತ್ರ ಭಾಗವತರು ಬಿಡಲಿಲ್ಲ. ಅವರು ವೀರ ರಥವೇರಿದ್ದನ್ನು ಹಾಡುವಾಗ ನಮ್ಮ ನಾಯಕ ಸ್ಕೂಟರಿನ ಸ್ಟ್ಯಾಂಡ್ ತೆಗೆಯುತ್ತಿದ್ದ.

ಮಾಸ್ಟ್ರಿಗೆ ಕೋಟು, ಟೈ, ಕಪ್ಪು ಕನ್ನಡಕ ಸಿಕ್ಕಿದವು. ಬಣ್ಣವಿಲ್ಲ, ಕಿರೀಟವಿಲ್ಲ, ತೆರೆಯೂ ಇಲ್ಲ. ತೆರೆಯ ಬದಲು ಪ್ಲೈವುಡ್ಡಿನ ಒಂದು ಲಿಫ್ಟ್. ಅದರ ಬಾಗಿಲನ್ನು ಆಚೀಚೆ ಎಳೆಯುವ ಕೆಲಸ ನನಗೆ ಮತ್ತು ಭಾವನಿಗೆ. ತಾಂತ್ರಿಕ ವಿಭಾಗಕ್ಕೆ ಬಡ್ತಿ ಎಂದು ನಾವು ಹಿಗ್ಗಿದೆವು.

ಬಾಗಿಲು ತೆರೆದ ಕೂಡಲೇ ಸುಮ್ಮನೆ ನಡೆದು ಬರುವುದಾ ಎಂದು ಮಾಸ್ಟ್ರು ರಿಹರ್ಸಲಿನಲ್ಲಿ ಮೆಲ್ಲಗೆ ಕೇಳಿದರು.

“ಲಿಫ್ಟಿಂದ ಯಾರಾದ್ರೂ ಕುಣ್ಕೊಂಡು ಬರ್ತಾರಾ ಸರ್?” ಎಂದ ಸುಜಿತ.

ಮಾಸ್ಟ್ರು ಮನೆಗೆ ಹೊರಟಾಗ ಕತ್ತಲಾಗಿತ್ತು. ಆದರೂ ಅವರು ಆ ಕಪ್ಪು ಕನ್ನಡಕವನ್ನು ತೆಗೆಯದೆಯೇ ನಡೆದರು.

ಆಟದ ದಿನ ಚೆಂಡೆಯಲ್ಲಿ ರಾಕ್ಷಸನ ಪ್ರವೇಶದ ಪೆಟ್ಟು ಬಿತ್ತು. ಬಾಗಿಲನ್ನು ಒಂದೇ ಸಲಕ್ಕೆ ಪೂರ್ತಿ ಎಳೆಯಬೇಕಿತ್ತು. ದೇವರಾಣೆಗೂ ನಾನು ಏನೂ ಉಪಾಯ ಮಾಡಿರಲಿಲ್ಲ. ಅಷ್ಟು ವರ್ಷ ಆ ಪೆಟ್ಟಿನ ಲಯಕ್ಕೆ ಪಳಗಿದ ಕೈ ಬಾಗಿಲನ್ನು ಒಂದು ಗೇಣು ಎಳೆದು ಮತ್ತೆ ಮುಚ್ಚಿತು. ಆಚೆ ಭಾವನ ಕೈಯೂ ಅದನ್ನೇ ಮಾಡಿತು. ಮುಂದಿನ ಸಲ ಬಾಗಿಲು ಬಿರಿದಾಗ ಸಂದಿಯಿಂದ ಐದು ಬೆರಳು ಹೊರಬಂದವು. ಆಮೇಲೆ ಕನ್ನಡಕ ತೆಗೆದ ಒಂದು ಕಣ್ಣು. ಆಮೇಲೆ ಪ್ಲೈವುಡ್ ನಡುಗುವ ಹಾಗೆ ಒಂದು ಗರ್ಜನೆ.

ಸುಜಿತ ಬದಿಯಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದ. ಚೆಂಡೆಯವರು ಅದನ್ನು ಮೆಚ್ಚುಗೆಯೆಂದು ತಿಳಿದು ಇನ್ನೂ ಜೋರು ಬಾರಿಸಿದರು. ಜನ ಶಿಳ್ಳೆ ಹೊಡೆದರು. ಕೊನೆಗೆ ಬಾಗಿಲು ಪೂರ್ತಿ ತೆರೆದಾಗ ಮಾಸ್ಟ್ರು ಆ ಮೊಣಗಂಟುಗಳಲ್ಲೇ ಗಿರಗಿರ ತಿರುಗುತ್ತ ಹೊರಬಂದರು, ಟೈ ಹಾರಿ ಬೆನ್ನಿಗೆ ಬಿದ್ದಿತ್ತು. ನಾನು ಬಾಗಿಲು ಹಿಡಿದುಕೊಂಡೇ ಅತ್ತೆ.

ಮರುದಿನ ಸುಜಿತ ಪತ್ರಿಕೆಯವರಿಗೆ, ಲಿಫ್ಟನ್ನೇ ತೆರೆಯಾಗಿಸುವುದು ತನ್ನ ಬಹುದಿನದ ಕಾನ್ಸೆಪ್ಟ್ ಎಂದು ವಿವರಿಸಿದ. ವರದಿಯಲ್ಲಿ ನಾನು ಎಂದಿನಂತೆ ಇತರರಲ್ಲಿದ್ದೆ.

ಮುಂದೂಡುತ್ತ ಬಂದ ಮೊಣಗಂಟಿನ ಆಪರೇಷನ್ ಈಗ ಮುಗಿದಿದೆ. ಮೊನ್ನೆ ಮಾಸ್ಟ್ರನ್ನು ಗಾಲಿಕುರ್ಚಿಯಲ್ಲಿ ಮನೆಗೆ ಕರೆತರಲು ಹೋದದ್ದೇ ನಾನು. ಇನ್ನು ಕುಣಿಯುವ ಮಾತೇ ಇಲ್ಲವೆಂದು ಡಾಕ್ಟರು ಮತ್ತೊಮ್ಮೆ ಹೇಳಿ ಕಳಿಸಿದ್ದರು. ಲಿಫ್ಟಿನಲ್ಲಿ ಇಳಿಯುವಷ್ಟು ಹೊತ್ತೂ ಅವರು ತಮ್ಮ ಕಾಲನ್ನೇ ನೋಡುತ್ತಿದ್ದರು.

ಕೆಳಗೆ ಬಾಗಿಲು ತೆರೆಯಿತು. ಹೊರಗೆ ಫ್ಲಾಸ್ಕು, ಹಣ್ಣಿನ ಚೀಲ ಹಿಡಿದ ಒಂದಷ್ಟು ಜನ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದರು. ನನ್ನ ಬೆರಳು ಮುಚ್ಚುವ ಬಟನ್ ಒತ್ತಿಬಿಟ್ಟಿತು. ನರ್ಸ್ ಬೈದಳು. ಹೊರಗಿನವರು ಯಾರೋ ಒತ್ತಿದರು, ಬಾಗಿಲು ಮತ್ತೆ ತೆರೆಯತೊಡಗಿತು. ಆ ಸಂದಿಗೆ ಸರಿಯಾಗಿ ಮಾಸ್ಟ್ರ ಕೈ ಕುರ್ಚಿಯಿಂದ ಮೇಲೆದ್ದು ಐದೂ ಬೆರಳು ಬಿಡಿಸಿಕೊಂಡಿತು.

“ಇನ್ನೊಮ್ಮೆ ಮುಚ್ಚು ಮಾರಾಯ,” ಎಂದರು ನನ್ನತ್ತ ನೋಡದೆ. “ಜನ ಉಂಟು.”

ನಾನು ಮುಚ್ಚಿದೆ.